ಕೊಟ್ಟಿಗೆಹಾರದ ಕುಣಿಯುವ ಕಪ್ಪೆಗೆ ಪುಸ್ತಕಕ್ಕೊಂದು ಹೆಸರೇಕೆ?

ಚಾರ್ಮಾಡಿ ಘಾಟಿಯ ಹಳ್ಳದಲ್ಲಿ ಕಂಡ ಕಪ್ಪೆಗೆ ಹಳೆಯ ಬರಹಗಳಲ್ಲಿ ಮೈಕ್ರಿಕ್ಸಾಲಸ್ ಸ್ಯಾಕ್ಸಿಕೋಲಾ ಎಂದೂ ಹೊಸದರಲ್ಲಿ ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ಎಂದೂ ಇದೆ, ಯಾವುದು ಸರಿ ಎಂದು ಕೇಳಿದ್ದೀರಿ. ನೀವು ಕಂಡ ಜಾಗಕ್ಕೆ ಎರಡನೆಯದೇ, ಅಂದರೆ ಘಾಟಿಯ ಮೇಲ್ತುದಿಯ ಕೊಟ್ಟಿಗೆಹಾರ ಊರಿನ ಹೆಸರು ಹೊತ್ತದ್ದೇ ಸರಿ ಎಂಬುದು ನನ್ನ ಅಭಿಪ್ರಾಯ. ಮಲೆನಾಡಿನ ಹಳ್ಳಗಳಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಈ ಕಪ್ಪೆಗಳನ್ನು ಹುಡುಕಿಕೊಂಡು ಹೋಗುವವನು ನಾನು, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಈ ಕೊಟ್ಟಿಗೆಹಾರೆನ್ಸಿಸ್ ಕಪ್ಪೆಯನ್ನು ಮೊದಲು ವರ್ಣಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್, 1937ರಲ್ಲಿ. ಬೆರಳ ತುದಿಯ ಅಗಲವಾದ ಬಿಲ್ಲೆಗಳು ಪೊದೆಗಪ್ಪೆಗಳಲ್ಲೂ ಇರುತ್ತವೆ. ರಾಯರು ಇದನ್ನು ಆ ಗುಂಪಿನ ಫೈಲಾಟಸ್ ಕುಲಕ್ಕೇ ಸೇರಿಸಿದ್ದರು. ಜಾರುವ ಬಂಡೆಗೆ ಕಚ್ಚಿಕೊಳ್ಳಲೂ ಎಲೆಗೆ ಅಂಟಿಕೊಳ್ಳಲೂ ಬಿಲ್ಲೆ ಬೇಕೇ ಬೇಕು, ಅದೊಂದರಿಂದ ನೆಂಟಸ್ತಿಕೆ ತಿಳಿಯದು. ಅವರು ಸಂಗ್ರಹಿಸಿದ್ದ ಮೂಲ ಮಾದರಿಗಳೂ ಮುಂದೆ ಕಳೆದುಹೋದವು. ಹೋಲಿಸಿ ನೋಡಲು ಆಧಾರವೇ ಇಲ್ಲದಾಗ, ನಮ್ಮ ಕಡೆಯ ಕುಣಿಯುವ ಕಪ್ಪೆಗಳಿಗೆಲ್ಲ 1853ರಲ್ಲಿ ಬ್ರಿಟಿಷ್ ಪ್ರಕೃತಿತಜ್ಞ ಜೆರ್ಡನ್ ಕೊಟ್ಟ ಸ್ಯಾಕ್ಸಿಕೋಲಾ ಹೆಸರೇ ಅಂಟಿಕೊಂಡಿತು.

2014ರಲ್ಲಿ ಕಪ್ಪೆ ತಜ್ಞ ಎಸ್. ಡಿ. ಬಿಜು ಮತ್ತು ಸಂಗಡಿಗರು ಡಿಎನ್ಎಯನ್ನೂ ದೇಹಲಕ್ಷಣಗಳನ್ನೂ ಒಟ್ಟಿಗಿಟ್ಟು ಇಡೀ ಮೈಕ್ರಿಕ್ಸಾಲಸ್ ಕುಲವನ್ನು ಪರಿಷ್ಕರಿಸಿದರು. ಒಂದೇ ಲೇಖನದಲ್ಲಿ 14 ಹೊಸ ಪ್ರಭೇದಗಳು ಸೇರಿ ಒಟ್ಟು 24 ಆದವು. ಸ್ಯಾಕ್ಸಿಕೋಲಾ ಎಂಬ ಹೆಸರು ದಕ್ಷಿಣಕ್ಕೆ, ವಯನಾಡಿನ ಕಡೆಯ ಕಪ್ಪೆಗಳಿಗೆ ಸರಿಯಿತು. ರಾಯರು ಇಟ್ಟಿದ್ದ ಕೊಟ್ಟಿಗೆಹಾರದ ಹೆಸರಿಗೆ ಮತ್ತೆ ಜೀವ ಬಂತು. ಆದ್ದರಿಂದ ಅದಕ್ಕೂ ಹಿಂದೆ ಮಧ್ಯ ಪಶ್ಚಿಮಘಟ್ಟದಿಂದ ಸ್ಯಾಕ್ಸಿಕೋಲಾ ಎಂದು ಬರೆದದ್ದನ್ನು ಓದುವಾಗ ಎಚ್ಚರ ಇರಲಿ.

ಈ ಕಪ್ಪೆಗಳ ಮೈಕ್ರಿಕ್ಸಾಲಿಡೆ ಕುಟುಂಬದಲ್ಲಿ ಇರುವುದು ಮೈಕ್ರಿಕ್ಸಾಲಸ್ ಒಂದೇ ಕುಲ, ಅದೂ ಪಶ್ಚಿಮಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. ನನಗೆ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಗಂಡು ಹಿಂಗಾಲು ಚಾಚಿ ಬೆರಳ ನಡುವಿನ ಬಿಳಿ ಪೊರೆ ಬಿಡಿಸಿ ತೋರಿಸುವುದನ್ನು ನೀವೂ ನೋಡಿದ್ದೀರಲ್ಲ? ಬೋರ್ನಿಯೋದ ಸ್ಟೌರೋಯಿಸ್ ಕಪ್ಪೆಗಳೂ ಹಾಗೇ ಮಾಡುತ್ತವೆ, ಆದರೆ ಅವು ಬೇರೆಯೇ ಕುಟುಂಬದವು. ನೀರಿನ ಸದ್ದಿನಲ್ಲಿ ಕೂಗು ಮುಳುಗಿಹೋಗುವ ಕಡೆ ಕಣ್ಣಿಗೆ ಕಾಣುವ ಸನ್ನೆ ಪ್ರಯೋಜನಕ್ಕೆ ಬರುತ್ತದೆ. ಎರಡು ವಂಶಗಳು ಬೇರೆ ಬೇರೆಯಾಗಿ ಅದೇ ದಾರಿ ಹಿಡಿದಿವೆ. ಹಾಗಾಗಿ ಕುಣಿತ ನೋಡಿ ವರ್ಗೀಕರಿಸಲಾಗದು.

ಬಣ್ಣವನ್ನೂ ನಂಬಬೇಡಿ, ಒಂದೇ ಹಳ್ಳದಲ್ಲಿ ಹತ್ತು ಛಾಯೆ ಸಿಗುತ್ತದೆ. ಫೋಟೋ ಹಾಕುವಾಗ ಹಳ್ಳ ಇರುವ ಊರು, ತಾಲೂಕು, ದಿನಾಂಕ ಬರೆಯಿರಿ. ಸಾಧ್ಯವಾದರೆ ಕೂಗನ್ನೂ ರೆಕಾರ್ಡ್ ಮಾಡಿ. ಕಪ್ಪೆಯನ್ನು ಹಿಡಿಯಬೇಡಿ, ಹಳ್ಳದೊಳಗೆ ಇಳಿಯಲೂ ಬೇಡಿ: ಹೆಣ್ಣು ನೀರಿನಡಿಯ ಜಲ್ಲಿ ಕೆದಕಿ ಅಲ್ಲೇ ಮೊಟ್ಟೆ ಮುಚ್ಚಿಟ್ಟಿರುತ್ತದೆ, ಕಾಲಿಟ್ಟರೆ ಅವು ನುಚ್ಚಾಗುತ್ತವೆ.