ಲಾಕ್‌ಡೌನ್ ನಷ್ಟವನ್ನು ಯಾವುದರ ಜೊತೆ ಹೋಲಿಸಬೇಕು?

2020ರ ಲಾಕ್‌ಡೌನ್ ಉಳಿಸಿದ ಜೀವಗಳಿಗಿಂತ ಹಾಳು ಮಾಡಿದ ಬದುಕುಗಳೇ ಹೆಚ್ಚಲ್ಲವೇ ಎಂದು ಕೇಳಿದ್ದೀರಿ. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಜಿಡಿಪಿ ಸುಮಾರು ಶೇ 24ರಷ್ಟು ಕುಸಿಯಿತು, ನಿಜ. ಆದರೆ ಅಷ್ಟನ್ನೂ ಸರ್ಕಾರಿ ಆದೇಶದ ಲೆಕ್ಕಕ್ಕೆ ಬರೆಯಬೇಡಿ. ಆದೇಶವಿಲ್ಲದಿದ್ದರೂ ಹೆದರಿದ ಜನ ಸಂತೆಗೆ ಬರುತ್ತಿರಲಿಲ್ಲ, ಬಳ್ಳಾರಿ ಜೀನ್ಸ್‌ಗೆ ಬೇಡಿಕೆಯೂ ತಗ್ಗುತ್ತಿತ್ತು. ಹೋಲಿಸಬೇಕಾದದ್ದು 2019ರ ಜೊತೆಗಲ್ಲ, ನಿರ್ಬಂಧವಿಲ್ಲದೆ ಸೋಂಕು ಹರಡಬಹುದಾಗಿದ್ದ 2020ರ ಜೊತೆ.

ಎಲ್ಲ ಕ್ರಮಗಳನ್ನೂ ಒಂದೇ ಗಂಟು ಕಟ್ಟುವುದೂ ತಪ್ಪು. ಜಾತ್ರೆ ನಿಲ್ಲಿಸಿದ್ದರ ಬೆಲೆ ಬೇರೆ, ಶಾಲೆ ಮುಚ್ಚಿದ್ದರ ಬೆಲೆ ಬೇರೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ನಮ್ಮ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಪಾಠ ಹೇಳುವ ವಿದ್ಯಾಗಮ ನಡೆಯಿತು, ಒಳ್ಳೆಯ ಪ್ರಯತ್ನವೇ. ಆದರೂ ನಮ್ಮ ರಾಯಚೂರು ಕಡೆ ಸ್ಮಾರ್ಟ್‌ಫೋನ್ ಇಲ್ಲದ ಮನೆಯ ಎಷ್ಟೋ ಮಕ್ಕಳು ಹತ್ತಿ ಬಿಡಿಸಲು ಹೊಲಕ್ಕೆ ಹೋದರು. ಈ ನಷ್ಟ ಆ ವರ್ಷದ ಜಿಡಿಪಿಯಲ್ಲಿ ಕಾಣುವುದಿಲ್ಲ. ಆ ಮಕ್ಕಳ ಮುಂದಿನ ಗಳಿಕೆಯಲ್ಲಿ ಕಾಣುತ್ತದೆ. 2020ರ ಮೇ 4ರಂದೇ ಮದ್ಯದಂಗಡಿ ತೆರೆದ ರಾಜ್ಯ ಶಾಲೆಗಳನ್ನು ಅಷ್ಟು ಕಾಲ ಮುಚ್ಚಿಟ್ಟದ್ದನ್ನು ನಾನು ಕ್ಷಮಿಸಲಾರೆ.

ಲಾಭದ ಬದಿಯಲ್ಲಿ, ಸೋಂಕು ಹರಡುವುದು ನಿಧಾನವಾಗಿ ಸಿಕ್ಕ ಸಮಯವನ್ನು ಬರೆಯಿರಿ. ಆ ಸಮಯದಲ್ಲಿ ಹಾಸಿಗೆ, ಆಮ್ಲಜನಕ, ಲಸಿಕೆ ಒದಗಿದರೆ ಮಾತ್ರ ಅದಕ್ಕೆ ಬೆಲೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಳಿ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆ ಅಪ್ಪಳಿಸಿದ ಮೇಲೆ.

ಇನ್ನು ವೆಚ್ಚ ಯಾರು ಹೊತ್ತರು ಎಂಬುದು. ಬೆಂಗಳೂರಿನ ಕಟ್ಟಡ ಕೆಲಸ ಬಿಟ್ಟು ಮರಳಿದವರಿಗೆ ಸಿಕ್ಕದ್ದು ದಿನಕ್ಕೆ 275 ರೂಪಾಯಿಯ ಉದ್ಯೋಗ ಖಾತ್ರಿ ಕೂಲಿ. ತಿಂಗಳ ಸಂಬಳ ನಿಲ್ಲದವರು ಅದೇ ಲಾಕ್‌ಡೌನ್‌ಗೆ ಬಹುತೇಕ ಏನನ್ನೂ ತೆರಲಿಲ್ಲ.