ತರಬೇತಿ ಶಾಲೆಯ ಕಿರುಕುಳ: ದೂರು ಕೊಡುವವರಿಗೂ ವಿಚಾರಣೆ ನಡೆಸುವವರಿಗೂ

ಪ್ರಶ್ನೆ: ನನ್ನ ತಮ್ಮನ ಮಗ ಅಗ್ನಿಶಾಮಕ ಹುದ್ದೆಗೆ ಆಯ್ಕೆಯಾಗಿ ತರಬೇತಿ ಶಾಲೆಯಲ್ಲಿದ್ದಾನೆ. ಬೆಳಗಿನ ಪರೇಡಿಗೆ ಎರಡು ನಿಮಿಷ ತಡವಾದದ್ದಕ್ಕೆ ಅಂದು ರಾತ್ರಿ ಬ್ಯಾರಕ್ಕಿನ ಹಿಂದೆ ನಿಲ್ಲಿಸಿ, ಕಾಲು ಕುಸಿಯುವವರೆಗೆ ಬಸ್ಕಿ ಹೊಡೆಸಿದರಂತೆ. ಮರುದಿನ ಮೆಟ್ಟಿಲು ಹತ್ತಲಾಗಲಿಲ್ಲ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತ್ತು. ಸಿಕ್ ರಿಪೋರ್ಟ್ ಬರೆಸಲು ಹೋದರೆ, “ಬರೆಸು, ಆಮೇಲೆ ಊರಿಗೆ ಹೊರಡಲು ಪೆಟ್ಟಿಗೆ ಕಟ್ಟು” ಎಂದರಂತೆ. ದೂರು ಕೊಟ್ಟರೆ ಕೆಲಸ ಹೋಗುತ್ತದೆಯೇ? ಯಾರಿಗೆ ಕೊಡಬೇಕು?
– ಒಬ್ಬ ದೊಡ್ಡಪ್ಪ, ವಿಜಯಪುರ ಜಿಲ್ಲೆ

ಉತ್ತರ: ದೂರಿನ ಮಾತು ಆಮೇಲೆ, ಮೊದಲು ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಮಿತಿಮೀರಿದ ಶ್ರಮದಿಂದ ಮಾಂಸಖಂಡ ಒಡೆದು ಅದರ ಅಂಶ ರಕ್ತಕ್ಕೆ ಸೇರಿದಾಗ ಮೂತ್ರಕ್ಕೆ ಈ ಬಣ್ಣ ಬರುತ್ತದೆ, ಮತ್ತು ಚಿಕಿತ್ಸೆ ತಡವಾದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಪ್ರಮಾಣವನ್ನು ನೋಡುವ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಆದರೆ ಕೆಲವೇ ದಿನಗಳಲ್ಲಿ ಆ ಪ್ರಮಾಣ ಇಳಿದುಹೋಗುವುದರಿಂದ ಇಂದಿನ ಪರೀಕ್ಷೆಗೆ ಇರುವ ಬೆಲೆ ಮುಂದಿನ ವಾರದ ಪರೀಕ್ಷೆಗೆ ಇರುವುದಿಲ್ಲ. ಸರ್ಕಾರಿ ಆಸ್ಪತ್ರೆಗೇ ಹೋಗಿ, ಹೇಗಾಯಿತೆಂಬುದನ್ನು ಹುಡುಗನ ಮಾತಿನಲ್ಲೇ ದಾಖಲಿಸುವಂತೆ ವೈದ್ಯರನ್ನು ಕೋರಿ, ಎಂ.ಎಲ್.ಸಿ. (ಕಾನೂನು ಕ್ರಮಕ್ಕೆ ಬೇಕಾಗುವ ವೈದ್ಯಕೀಯ ದಾಖಲೆ) ಮಾಡಿಸಿ.

ಆ ಕಾಗದಕ್ಕೆ ಕಾನೂನಿನಲ್ಲಿಯೂ ತೂಕವಿದೆ. ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಸಾಧಾರಣ ಗಾಯ ಅಸಂಜ್ಞೇಯ ಅಪರಾಧವಾದ್ದರಿಂದ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ಅದರ ತನಿಖೆ ಮಾಡುವಂತಿಲ್ಲ. ಆದರೆ ಗಾಯದಿಂದ 15 ದಿನ ತೀವ್ರ ನೋವು ಅನುಭವಿಸಿದರೆ ಅಥವಾ ಅಷ್ಟು ದಿನ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದು ತೀವ್ರ ಗಾಯವೆನಿಸಿಕೊಂಡು ಎಫ್.ಐ.ಆರ್. ದಾಖಲಾಗಲೇಬೇಕಾಗುತ್ತದೆ. ಕೋಣೆಯಲ್ಲಿ ಕೂಡಿಹಾಕಿದ್ದರೂ ಹಾಗೆಯೇ. ತರಬೇತಿ ಶಾಲೆಯ ಪಕ್ಕದ ಠಾಣೆಗೇ ಹೋಗಬೇಕೆಂದಿಲ್ಲ. ನಿಮ್ಮೂರಿನ ಠಾಣೆಯಲ್ಲಿಯೂ ದೂರು ಕೊಡಬಹುದು, ಅವರು ದಾಖಲಿಸಿ ಅಲ್ಲಿಗೆ ಕಳುಹಿಸಬೇಕು.

ಇಲಾಖೆಗೆ ಬರೆಯುವಾಗ ಶಾಲೆಯ ಮುಖ್ಯಸ್ಥರಿಗೆ ಮಾತ್ರ ಬರೆದು ಸುಮ್ಮನಾಗಬೇಡಿ. ಯಾರ ಕೈಕೆಳಗೆ ಇದು ನಡೆಯಿತೋ ಅವರೇ ವಿಚಾರಣೆ ಮಾಡುವಂತಾಗಬಾರದು. ಇಲಾಖಾ ಮುಖ್ಯಸ್ಥರಿಗೆ ನೇರವಾಗಿ ಬರೆದು ಸ್ವೀಕೃತಿ ಪಡೆಯಿರಿ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಮುಖ್ಯವಾಗಿ, 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಂತೆ ನೊಂದವರ ಪರವಾಗಿ ಬೇರೆಯವರೂ ಅರ್ಜಿ ಸಲ್ಲಿಸಬಹುದಾದ್ದರಿಂದ ದೊಡ್ಡಪ್ಪನಾದ ನೀವೇ ಸಹಿ ಹಾಕಬಹುದು. ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ.

ಇನ್ನು ಕೆಲಸದ ಚಿಂತೆ. ಪರೀಕ್ಷಾರ್ಥ ಅವಧಿಯಲ್ಲಿರುವವರನ್ನು “ಸೇವೆಗೆ ಸೂಕ್ತರಲ್ಲ” ಎಂಬ ಒಂದು ಸಾಲಿನ ಆದೇಶದಿಂದ ಕಳುಹಿಸಬಹುದೆಂಬ ಭಯವೇ ಇಂಥ ಶಾಲೆಗಳಲ್ಲಿ ಎಲ್ಲರ ಬಾಯಿ ಕಟ್ಟಿರುವುದು. ನಿಮ್ಮ ಹುಡುಗನಿಗೆ ಅನೂಪ್ ಜೈಸ್ವಾಲ್ ಪ್ರಕರಣವನ್ನು ಹೇಳಿ. ಹೈದರಾಬಾದಿನ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಲ್ಲಿ 1981ರ ಒಂದು ಮುಂಜಾನೆ ಮಳೆಯ ಕಾರಣ ಪ್ರಶಿಕ್ಷಣಾರ್ಥಿಗಳು ವ್ಯಾಯಾಮಕ್ಕೆ ತಡವಾಗಿ ಬಂದರು. ಇದಕ್ಕೆ ಮುಂದಾಳು ಇವರೇ ಎಂದು ಭಾವಿಸಿ ಜೈಸ್ವಾಲರನ್ನು ಸೇವೆಯಿಂದ ಬಿಡುಗಡೆ ಮಾಡಿದರು. ಆದೇಶದಲ್ಲಿ ಮಾತ್ರ ತಪ್ಪಿನ ಮಾತೇ ಇರಲಿಲ್ಲ. ಸುಪ್ರೀಂ ಕೋರ್ಟ್ 1984ರಲ್ಲಿ ಆದೇಶದ ಮುಸುಕು ಸರಿಸಿ ನೋಡಿ, ಇದು ವಿಚಾರಣೆಯಿಲ್ಲದೆ ಕೊಟ್ಟ ಶಿಕ್ಷೆಯೆಂದು ಹೇಳಿ ರದ್ದುಪಡಿಸಿತು. ಅವರು ಸೇವೆಗೆ ಮರಳಿದರು. ದೂರು ಕೊಟ್ಟ ಬೆನ್ನಿಗೇ ಬಿಡುಗಡೆ ಆದೇಶ ಬಂದರೆ ಈ ತೀರ್ಪು ನಿಮ್ಮ ಕೈಯಲ್ಲಿರುತ್ತದೆ. ದೂರಿನ ದಿನಾಂಕಕ್ಕೆ ಲಿಖಿತ ಸ್ವೀಕೃತಿ ಬೇಕೆಂದು ಒತ್ತಿ ಹೇಳಿದ್ದು ಇದಕ್ಕಾಗಿಯೇ.

ಪ್ರಶ್ನೆ: ಒಂದು ತರಬೇತಿ ಶಾಲೆಯ ಕುರಿತು ಬಂದ ಮೂಗರ್ಜಿಯ ಮೇಲೆ ಪ್ರಾಥಮಿಕ ವಿಚಾರಣೆ ನಡೆಸಲು ನನ್ನನ್ನು ನೇಮಿಸಿದ್ದಾರೆ. ಪ್ರಶಿಕ್ಷಣಾರ್ಥಿಗಳನ್ನೆಲ್ಲ ಕರೆದು ಕೇಳಿದೆ. “ನಮಗೆ ಯಾವ ತೊಂದರೆಯೂ ಇಲ್ಲ” ಎಂದು ಎಲ್ಲರೂ ಬರೆದುಕೊಟ್ಟಿದ್ದಾರೆ. ಅರ್ಜಿ ಸುಳ್ಳೆಂದು ವರದಿ ಕೊಟ್ಟು ಮುಗಿಸಬಹುದೇ?
– ಒಬ್ಬ ಅಧಿಕಾರಿ, ಬೆಂಗಳೂರು

ಉತ್ತರ: ದಯವಿಟ್ಟು ಹಾಗೆ ಮುಗಿಸಬೇಡಿ. ನಾನು ಸೇವೆಯಲ್ಲಿದ್ದಾಗ ಇಂಥದೇ ಒಂದು ಕಡತದಲ್ಲಿ ಹನ್ನೆರಡು ಹೇಳಿಕೆಗಳನ್ನು ಓದಿದ್ದೆ. ಹನ್ನೆರಡರಲ್ಲಿಯೂ ಒಂದೇ ವಾಕ್ಯ, “ತೊಂದರೆ” ಎಂಬ ಪದಕ್ಕೆ ಒಂದೇ ಕಾಗುಣಿತ ದೋಷ. ಯಾರೋ ಹೇಳಿ ಬರೆಸಿದ್ದರು. ಹೇಳಿಕೆ ಪಡೆಯುವಾಗ ಉಸ್ತಾದರು, ಅಂದರೆ ಡ್ರಿಲ್ ಬೋಧಕರು, ಕಿಟಕಿಯಾಚೆ ನಿಂತಿದ್ದರೆಂಬುದು ವರ್ಷಗಳ ನಂತರ ಆ ಹುಡುಗರಲ್ಲೊಬ್ಬನಿಂದ ತಿಳಿಯಿತು. ಆ ಕಡತವನ್ನು ಮುಚ್ಚಿದ ಬೇಸರ ನನ್ನನ್ನು ಇನ್ನೂ ಬಿಟ್ಟಿಲ್ಲ.

ಆದ್ದರಿಂದ ಬಾಯಿಗಿಂತ ಮೊದಲು ಪುಸ್ತಕಗಳನ್ನು ಕೇಳಿ. ಸಿಕ್ ರಿಪೋರ್ಟ್ ರಿಜಿಸ್ಟರ್, ರೋಲ್ ಕಾಲ್ ಪುಸ್ತಕ, ಗೇಟಿನ ಪುಸ್ತಕ, ಮೆಸ್ಸಿನ ಲೆಕ್ಕ, ದಿನದ ಪಾಠಪಟ್ಟಿ – ಇವನ್ನು ಬರೆಯುವಾಗ ಮುಂದೊಂದು ದಿನ ವಿಚಾರಣೆಯಾದೀತೆಂದು ಯಾರಿಗೂ ಗೊತ್ತಿರಲಿಲ್ಲ. ಒಂದು ರಾತ್ರಿಯ ಮರುದಿನವೇ ಏಳೆಂಟು ಜನ ಮೊಣಕಾಲು ನೋವೆಂದು ಹೆಸರು ಬರೆಸಿದ್ದರೆ, ಹಿಂದಿನ ದಿನದ ಪಾಠಪಟ್ಟಿಯಲ್ಲಿ ಹೋಸ್ ಡ್ರಿಲ್ ಮಾತ್ರ ಇದ್ದರೆ, ನಿಮ್ಮ ಮೊದಲ ಪ್ರಶ್ನೆ ಅಲ್ಲೇ ಸಿಕ್ಕಿತು. ಹಾಗೆಯೇ ತಿಂಗಳುಗಟ್ಟಲೆ ಒಬ್ಬರೂ ಸಿಕ್ ರಿಪೋರ್ಟ್ ಮಾಡದಿದ್ದರೆ ಅದನ್ನೂ ಆರೋಗ್ಯದ ಲಕ್ಷಣವೆಂದು ಓದಬೇಡಿ. ಏಣಿ ಹತ್ತಿ ಇಳಿಯುವ, ಹೆಗಲ ಮೇಲೆ ಆಳನ್ನು ಹೊತ್ತು ಓಡುವ ಶಾಲೆಯಲ್ಲಿ ಒಬ್ಬರಿಗೂ ಕಾಲು ಉಳುಕದಿರುವುದು ಸಾಧ್ಯವೇ? ಸಿ.ಸಿ. ಟಿ.ವಿ. ದೃಶ್ಯ ತಾನಾಗಿಯೇ ಅಳಿಸಿಹೋಗುವ ಮುನ್ನ ಉಳಿಸಿಡಲು ಮೊದಲ ದಿನವೇ ಪತ್ರ ಬರೆಯಬೇಕಿತ್ತು. ಬರೆಯದಿದ್ದರೆ ಇಂದೇ ಬರೆಯಿರಿ.

ಮೂಗರ್ಜಿಗೆ ಹೆಸರಿಲ್ಲ ನಿಜ. ಆದರೆ ಅದರಲ್ಲಿ ದಿನ, ಸ್ಥಳ, ಶಿಕ್ಷೆಯ ಬಗೆ ಇದ್ದರೆ ಅವನ್ನು ದಾಖಲೆಗಳೊಂದಿಗೆ ತಾಳೆ ನೋಡಬಹುದು. ಅರ್ಜಿ ಬರೆದವರು ಯಾರೆಂದು ಹುಡುಕಲು ಹೊರಟರೆ ನಿಮ್ಮ ವಿಚಾರಣೆ ಅಲ್ಲಿಗೆ ಮುಗಿಯಿತು. ಆ ಕ್ಷಣದಿಂದ ನಿಮ್ಮನ್ನು ಯಾರೂ ನಂಬುವುದಿಲ್ಲ.

ಹೇಳಿಕೆಗಳನ್ನು ಮತ್ತೆ ಪಡೆಯಿರಿ – ಒಬ್ಬೊಬ್ಬರನ್ನಾಗಿ, ಶಾಲೆಯ ಆವರಣದ ಹೊರಗೆ, ಆರೋಪಕ್ಕೊಳಗಾದವರನ್ನು ತಾತ್ಕಾಲಿಕವಾಗಿ ಬೇರೆಡೆ ನಿಯೋಜಿಸುವಂತೆ ಮೇಲಧಿಕಾರಿಗಳನ್ನು ಕೋರಿದ ನಂತರ. ಎಲ್ಲರನ್ನೂ ಕರೆಯಿರಿ, ಎಲ್ಲರಿಗೂ ಸುಮಾರು ಒಂದೇ ಹೊತ್ತು ಕೊಡಿ. ಇಲ್ಲವಾದರೆ ಹೆಚ್ಚು ಹೊತ್ತು ಒಳಗಿದ್ದವನೇ ಹೇಳಿದನೆಂದು ಬ್ಯಾರಕ್ಕಿನಲ್ಲಿ ಲೆಕ್ಕ ಹಾಕುತ್ತಾರೆ. ಹಿಂದಿನ ತಂಡದವರು ಈಗ ಅಗ್ನಿಶಾಮಕ ಠಾಣೆಗಳಲ್ಲಿದ್ದಾರೆ, ಅವರಿಗೆ ಅಷ್ಟು ಭಯವಿಲ್ಲ. ತರಬೇತಿಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹೋದವರಿದ್ದರೆ ಅವರ ಮನೆಗೇ ಹೋಗಿ ಮಾತನಾಡಿ. ಮೆಸ್ಸಿನ ಅಡುಗೆಯವರನ್ನು ಮರೆಯಬೇಡಿ: ಯಾರು ಊಟಕ್ಕೆ ಬರಲಿಲ್ಲ, ಯಾರ ಕೈ ತಟ್ಟೆ ಹಿಡಿಯಲಾರದಂತೆ ನಡುಗುತ್ತಿತ್ತು ಎಂಬುದು ಅವರಿಗೆ ನೆನಪಿರುತ್ತದೆ.

ಕಠಿಣ ತರಬೇತಿ ಎಲ್ಲಿ ಮುಗಿದು ಕ್ರೌರ್ಯ ಎಲ್ಲಿ ಆರಂಭವಾಗುತ್ತದೆ ಎಂಬುದು ನಿಮ್ಮ ಮುಂದಿರುವ ನಿಜವಾದ ತೊಡಕು. ಹೊಗೆ ಕೋಣೆಯನ್ನೇ ನೋಡಿ. ಬಿ.ಎ. ಸೆಟ್ (ಹೊಗೆಯಲ್ಲಿ ಉಸಿರಾಡಲು ಗಾಳಿಯ ಸಿಲಿಂಡರ್ ಇರುವ ಸಾಧನ) ಬೆನ್ನಿಗೇರಿಸಿ, ಸಿಲಿಂಡರಿನ ಒತ್ತಡ ನೋಡಿ ಬರೆದುಕೊಂಡು, ಒಳಗೆ ಹೋದ ಹೊತ್ತನ್ನು ಗುರುತಿಸಿ, ಬಾಗಿಲ ಬಳಿ ಒಬ್ಬರನ್ನು ಕಾವಲಿಟ್ಟು ಕತ್ತಲಲ್ಲಿ ತೆವಳಿಸಿದರೆ ಹುಡುಗ ಎಷ್ಟೇ ಹೆದರಿದರೂ ಅದು ಪಾಠವೇ. ಅದೇ ಕೋಣೆಗೆ ಸೆಟ್ ಇಲ್ಲದೆ, ತಡವಾಗಿ ಎದ್ದದ್ದಕ್ಕೆಂದು ತಳ್ಳಿ ಬಾಗಿಲು ಹಾಕಿದರೆ ಅದು ಅಪರಾಧ. ಪಾಠಪಟ್ಟಿಯಲ್ಲಿತ್ತೇ, ಸುರಕ್ಷತೆಗೆ ಯಾರು ಹೊಣೆಯಾಗಿದ್ದರು, ನಿಲ್ಲಿಸೆಂದಾಗ ನಿಲ್ಲಿಸಿದರೇ – ಪ್ರತಿ ಘಟನೆಗೂ ಈ ಮೂರನ್ನು ಕೇಳಿ ಬರೆದಿಡಿ.

ಬೋಧಕರಿಗೂ ನ್ಯಾಯ ಸಲ್ಲಬೇಕು. ನಿಮ್ಮದು ಮೇಲ್ನೋಟಕ್ಕೆ ಆಧಾರವಿದೆಯೇ ಎಂದು ನೋಡುವ ಹಂತವಷ್ಟೇ. ಕಠಿಣ ದಂಡನೆ ವಿಧಿಸಬೇಕಾದರೆ 1957ರ ಕರ್ನಾಟಕ ನಾಗರಿಕ ಸೇವಾ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳ 11ನೆಯ ನಿಯಮದಂತೆ ದೋಷಾರೋಪಣಾ ಪಟ್ಟಿ ಕೊಟ್ಟು, ಸಾಕ್ಷಿಗಳ ಪಾಟೀಸವಾಲಿಗೆ ಅವಕಾಶವಿತ್ತು, ಇಲಾಖಾ ವಿಚಾರಣೆಯನ್ನು ಪ್ರತ್ಯೇಕವಾಗಿ ನಡೆಸಲೇಬೇಕು. ಆ ಹಂತವನ್ನು ಹಾರಿ ಕೊಟ್ಟ ಶಿಕ್ಷೆ ನ್ಯಾಯಾಲಯದಲ್ಲಿ ಬಿದ್ದುಹೋಗುತ್ತದೆ. ಆಗ ನೊಂದ ಹುಡುಗರೇ ಎರಡನೆಯ ಬಾರಿ ಸೋಲುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹಿಡಿದು ಬೈದದ್ದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ, ಮಹಿಳಾ ಪ್ರಶಿಕ್ಷಣಾರ್ಥಿಗಳಿಗೆ ಲೈಂಗಿಕ ಕಿರುಕುಳವಾಗಿದ್ದರೆ 2013ರ ಕಾಯ್ದೆಯ ಆಂತರಿಕ ಸಮಿತಿಯೂ ಇವೆ. ಸಮಿತಿಗೆ ದೂರು ಕೊಡಲು ಮೂರು ತಿಂಗಳ ಗಡುವಿರುವುದನ್ನು ಅವರಿಗೆ ಇಂದೇ ತಿಳಿಸಿ. ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು.

ಹೊರಗಿನವರಿಂದ ವಿಚಾರಣೆ ಮಾಡಿಸುವಂತೆ ಶಿಫಾರಸು ಮಾಡಲು ಹಿಂಜರಿಯಬೇಡಿ. ಲಂಡನ್ ಅಗ್ನಿಶಾಮಕ ದಳದಲ್ಲಿ 21 ವರ್ಷದ ಪ್ರಶಿಕ್ಷಣಾರ್ಥಿಯೊಬ್ಬರು 2020ರಲ್ಲಿ ಆತ್ಮಹತ್ಯೆ ಮಾಡಿಕೊಂಡಾಗ, ದಳದ ಮುಖ್ಯಸ್ಥರು ಒಳಗಿನವರನ್ನು ಬಿಟ್ಟು ಮಾಜಿ ಮುಖ್ಯ ಪ್ರಾಸಿಕ್ಯೂಟರ್ ನಜೀರ್ ಅಫ್ಜಲ್ ಅವರಿಗೆ ಇಡೀ ದಳದ ವಾತಾವರಣವನ್ನು ಪರಿಶೀಲಿಸಲು ಹೇಳಿದರು. 2022ರ ನವೆಂಬರಿನಲ್ಲಿ ಬಂದ ವರದಿ ಕಿರುಕುಳ, ಜನಾಂಗ ದ್ವೇಷ, ಸ್ತ್ರೀದ್ವೇಷಗಳನ್ನು ಬಿಚ್ಚಿಟ್ಟು 23 ಶಿಫಾರಸುಗಳನ್ನು ಮಾಡಿತು. ಒಳಗಿನವರಿಗೆ ಹೇಳದ್ದನ್ನು ಸಿಬ್ಬಂದಿ ಹೊರಗಿನವರ ಮುಂದೆ ಹೇಳಿದರು.

ಪ್ರಶ್ನೆ: ನಾನು ನಿವೃತ್ತ ಡ್ರಿಲ್ ಬೋಧಕ. ನಾವು ಏಟು ತಿಂದೇ ಕಲಿತೆವು. ಬೆಂಕಿಯ ಮುಂದೆ ಮೃದುತನ ನಡೆಯುವುದಿಲ್ಲ. ಬೋಧಕರ ಕೈ ಕಟ್ಟಿದರೆ ನಾಳೆ ಹುಡುಗರು ಬೆಂಕಿಯಲ್ಲಿ ಸಾಯುವುದಿಲ್ಲವೇ?
– ಮೈಸೂರು

ಉತ್ತರ: ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಹಿರಿಯರೇ. ಏಣಿ ಡ್ರಿಲ್ಲನ್ನು ಐವತ್ತು ಸಲ ಮಾಡಿಸಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಅನುಭವದಿಂದಲೇ ಒಂದು ಮಾತು ಹೇಳಿ: ಬಿ.ಎ. ಸೆಟ್ಟಿನ ಎಚ್ಚರಿಕೆಯ ಶಿಳ್ಳೆ ಕೂಗಿದಾಗ ಒಳಗಿರುವವನು ಆ ಕೂಡಲೇ ಹೊರಗೆ ಬರಬೇಕಲ್ಲವೇ? ಕಾಲು ನೋವೆಂದು ಹೇಳಿದ್ದಕ್ಕೆ ಶಾಲೆಯಲ್ಲಿ ಏಟು ತಿಂದವನು, ಗಾಳಿ ಮುಗಿಯುತ್ತಿದೆಯೆಂದು ತನ್ನ ತಂಡದ ಮುಂದಾಳಾದ ಲೀಡಿಂಗ್ ಫೈರ್‌ಮನ್‌ಗೆ ಹೇಳಲು ಒಂದು ನಿಮಿಷ ಹಿಂಜರಿದರೂ ಸಾಕು.