ಜುಲೈನಲ್ಲಿ ಕಡಲಾಮೆ ಕೆಲಸಕ್ಕೆ ಹೋಗಬೇಕೆಂದಿರುವವರಿಗೆ

ಕೋಸ್ಟರಿಕಾದ ಟೋರ್ಟುಗೇರೋದಲ್ಲಿ ಒಂದು ತಿಂಗಳು ಸ್ವಯಂಸೇವೆ ಮಾಡಲು ನಾವೇ ದುಡ್ಡು ಕೊಡಬೇಕಂತೆ, ಇದು ಮೋಸವಾ ಎಂದು ಕೇಳಿದ್ದೀರಿ. ಅಷ್ಟರಿಂದಲೇ ಮೋಸ ಎನ್ನಲಾಗದು. ಆ ಊರಿಗೆ ರಸ್ತೆಯೇ ಇಲ್ಲ, ಸಾಮಾನೆಲ್ಲ ದೋಣಿಯಲ್ಲಿ ಬರಬೇಕು. ನಿಮ್ಮ ಊಟ, ವಸತಿಗೆ ಖರ್ಚಾಗುತ್ತದೆ ಅಲ್ವಾ? ಆದರೆ ಹಣ ಯಾವುದಕ್ಕೆ ಹೋಗುತ್ತದೆ ಎಂದು ಮೊದಲೇ ಕೇಳಿ. ನೇರ ಉತ್ತರ ಬರದಿದ್ದರೆ ಬಿಟ್ಟುಬಿಡಿ.

ತಿಂಗಳು ಸರಿಯಾಗಿದೆ. ಹಸಿರು ಕಡಲಾಮೆಗಳು ಜುಲೈನಿಂದ ಅಕ್ಟೋಬರ್‌ವರೆಗೆ ಮೊಟ್ಟೆ ಇಡಲು ಬರುತ್ತವೆ. ಕೆಲಸ ಮಾತ್ರ ಸುಲಭವಲ್ಲ. ರಾತ್ರಿ ಗಂಟೆಗಟ್ಟಲೆ ಮೆತ್ತನೆ ಮರಳಲ್ಲಿ ನಡೆಯಬೇಕು. ಆಮೆ ಬೆದರದಂತೆ ಕಪ್ಪು ಬಟ್ಟೆ, ಕೆಂಪು ಬೆಳಕು ಮಾತ್ರ. ಎಷ್ಟೋ ರಾತ್ರಿ ಒಂದೂ ಆಮೆ ಕಾಣದೆ, ನೆನೆದು ತೊಪ್ಪೆಯಾಗಿ ವಾಪಸ್ ಬಂದಿದ್ದೇನೆ. ಎರಡನೇ ವಾರ ಮನೆ ನೆನಪಾಗಿ ಅತ್ತೂ ಇದ್ದೇನೆ. ಅದೇ ವಾರ ಒಂದು ಆಮೆ ನನ್ನ ಮುಂದೆಯೇ ಗುಂಡಿ ತೋಡಿ, ನೂರಕ್ಕೂ ಜಾಸ್ತಿ ಮೊಟ್ಟೆ ಇಟ್ಟಿತು. ಅದರ ಉಸಿರು ಈಗಲೂ ಕಿವಿಯಲ್ಲಿದೆ.

ಸಸ್ಯಾಹಾರದ ಚಿಂತೆ ಬೇಡ. ಅನ್ನ, ಕಪ್ಪು ಹುರುಳಿಕಾಯಿ ಬೀಜ ಬೆರೆಸಿದ ಗಾಯೋ ಪಿಂಟೋ ದಿನಾ ಸಿಗುತ್ತದೆ. ಬೇಜಾರಾದಾಗ ಇರಲಿ ಎಂದು ಒಂದು ಡಬ್ಬಿ ಚಟ್ನಿಪುಡಿ ಇಟ್ಟುಕೊಳ್ಳಿ.

ಮಳೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಬಟ್ಟೆ ಒಣಗುವುದೇ ಇಲ್ಲ, ಕಾಲ್ಬೆರಳ ಸಂದಿ ಕೊಳೆಯುತ್ತದೆ. ಒಣ ಸಾಕ್ಸ್ ಒಂದು ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಮಲಗುವಾಗ ಮಾತ್ರ ಹಾಕಿ. ಡೆಂಗಿ ಸೊಳ್ಳೆ ಹಗಲಲ್ಲೇ ಕಚ್ಚುವುದರಿಂದ ಮಧ್ಯಾಹ್ನ ನಿದ್ದೆಗೂ ಪರದೆ ಬೇಕು.